ನೀರು ಬೇಡವೆಂದವರು

ಉದ್ದನೆಯ ಆಳು. ನಳ್ಳಿಗೆ ಬಗ್ಗಿ ಬಗ್ಗಿ ಕುತ್ತಿಗೆ ಕೊಕ್ಕರೆಯ ಹಾಗೆ ಮುಂದಕ್ಕೆ ಬಾಗಿತ್ತು. ಬಲತೋಳಿನ ಅಂಗಿ ಮೊಣಕೈವರೆಗೆ ಯಾವಾಗಲೂ ಒದ್ದೆ, ಹೆಗಲಲ್ಲಿ ಖಾಲಿ ಬಾಟಲಿಗಳ ಚೀಲ. ಬೆಳಕು ಹರಿಯುವ ಹೊತ್ತಿಗೆ ಯಾರದಾದರೂ ಗೇಟಿನ ಹೊರಗೆ ನಿಂತು, ಎರಡೂ ಕೈ ಮೇಲೆತ್ತಿ, ಮನೆಯವರು ಬಾಯಿ ತೆರೆಯುವ ಮೊದಲೇ ಕೂಗುತ್ತಿದ್ದರು: "ನೀರು ಬೇಡ! ನಳ್ಳಿ ಮುಟ್ಟಬೇಡಿ ಮಾರಾಯ್ರೆ!"

ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಒಂದು ತಂಬಿಗೆ ನೀರು, ಒಂದು ತುಂಡು ಬೆಲ್ಲ. ಜಗಳಕ್ಕೆ ಬಂದವನಿಗೂ ಅಷ್ಟು ಕೊಟ್ಟೇ ಆಮೇಲೆ ಜಗಳ. ಅಂಥ ಊರಿನಲ್ಲಿ ನೀರು ಬೇಡವೆಂದು ಕೂಗುತ್ತ ಬರುವ ಮನುಷ್ಯನನ್ನು ಯಾರು ಹಚ್ಚಿಕೊಳ್ಳುತ್ತಾರೆ? ಕಾಪುವಿನ ಆಸುಪಾಸಿನಲ್ಲಿ ಅವರಿಗೆ 'ನೀರಿನ ಸರ್' ಎಂದು ಹೆಸರು ಬಿದ್ದಿತ್ತು. ಅದರಲ್ಲಿ ಗೌರವಕ್ಕಿಂತ ತಮಾಷೆಯೇ ಜಾಸ್ತಿ.

ಅವರು ಮಣಿಪಾಲದ ಒಂದು ಪ್ರಯೋಗಾಲಯದಲ್ಲಿದ್ದರು. ಶಾಲೆ, ಅಂಗನವಾಡಿ, ಬೀದಿಯ ನಳ್ಳಿ, ಆ ನಳ್ಳಿಯ ನೀರು ಹೋಗುವ ಮನೆಗಳು, ಎಲ್ಲ ಕಡೆ ಕುಡಿಯುವ ನೀರಿನಲ್ಲಿ ಸೀಸ, ತಾಮ್ರ ಸೇರಿದೆಯೇ ಎಂದು ನೋಡುವುದು ಅವರ ಕೆಲಸ. ಆ ಪರೀಕ್ಷೆಗೆ ಬೇಕಾದದ್ದು ರಾತ್ರಿಯಿಡೀ ಪೈಪಿನೊಳಗೆ ನಿಂತ ನೀರು. ಬೆಳಿಗ್ಗೆ ಯಾರೂ ತಿರುಗಿಸುವ ಮೊದಲು ಹಿಡಿದ ಮೊದಲ ಬಾಟಲಿ. ಅತಿಥಿಗೆಂದು ಯಾರಾದರೂ ಒಂದು ತಂಬಿಗೆ ಹಿಡಿದರೆ ಮುಗಿಯಿತು, ನಿಂತದ್ದು ಹೋಗಿ ಹೊಸದು ಬಂತು. ಅದಕ್ಕೇ ಆ ಕೂಗು. ಆದರೆ ಇದನ್ನು ನಿಧಾನವಾಗಿ, ನಗುತ್ತಾ ಹೇಳುವ ಕಲೆ ಅವರಿಗೆ ಬರಲಿಲ್ಲ. ಕಾರಣ ಹೇಳುವ ಮೊದಲೇ ಮನೆಯವರ ಮುಖ ಬಾಡಿರುತ್ತಿತ್ತು.

ಆಗ ನಾನು ಕಾಪುವಿನಿಂದ ಸ್ವಲ್ಪ ಒಳಗಿನ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ. ನಮ್ಮಲ್ಲಿ ಹೊಸದೊಂದು ನೀರಿನ ಕಟ್ಟೆಯಿತ್ತು. ಗಲ್ಫಿನಲ್ಲಿ ದುಡಿಯುವ ಹಳೆಯ ವಿದ್ಯಾರ್ಥಿಯೊಬ್ಬರು ತೀರಿಹೋದ ತಾಯಿಯ ನೆನಪಿಗೆ ಕಟ್ಟಿಸಿಕೊಟ್ಟದ್ದು. ಮೇಲೆ ಕಲ್ಲಿನಲ್ಲಿ ತಾಯಿಯ ಹೆಸರು, ಕೆಳಗೆ ಸಾಲಾಗಿ ಹಿತ್ತಾಳೆಯ ನಳ್ಳಿಗಳು. ನಮ್ಮ ಬಿಸಿಯೂಟದ ಅಕ್ಕ ಅವುಗಳನ್ನು ಹುಣಸೆಹುಳಿ ಹಾಕಿ ತಿಕ್ಕಿ ಮದುಮಗಳ ಬಳೆಯ ಹಾಗೆ ಹೊಳೆಯಿಸುತ್ತಿದ್ದರು.

ನೀರಿನ ಸರ್ ನಾಳೆ ಬರುತ್ತಾರೆಂದು ಆ ಅಕ್ಕನಿಗೆ ಹೇಳಿದ್ದೇ ಹೆಚ್ಚಾಯಿತು. ಮರುದಿನ ಬೆಳಿಗ್ಗೆ ಸರ್ ಬರುವ ಹೊತ್ತಿಗೆ ಅಕ್ಕ ಕಟ್ಟೆ ತೊಳೆದು, ಎಲ್ಲ ನಳ್ಳಿಗಳನ್ನೂ ಬಿಟ್ಟು ಬೇಕಾದಷ್ಟು ನೀರು ಹರಿಸಿ, ಸೆರಗಿಗೆ ಕೈ ಒರೆಸಿಕೊಂಡು ನಿಂತಿದ್ದರು. ಸರ್ ನೀರಿಗೆ ಬೆರಳೊಡ್ಡಿ ನೋಡಿದರು.

"ಅಕ್ಕ, ಇದು ಈಗ ಬಂದ ನೀರು. ತಣ್ಣಗೆ ಉಂಟು. ನನಗೆ ರಾತ್ರಿಯದ್ದು ಬೇಕಿತ್ತು."

"ನಿನ್ನೆಯ ನೀರನ್ನು ಬಂದವರಿಗೆ ಕೊಡುವುದುಂಟಾ ಸರ್? ನಾವು ಅಂಥವರಲ್ಲ!"

ನನಗೆ ನಗು ಬಂತು, ಅವರಿಗೆ ಬರಲಿಲ್ಲ. ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ನಡೆದರು. ಸೋಮವಾರ ಕಾಗೆ ಕೂಗುವ ಹೊತ್ತಿಗೆ ಮತ್ತೆ ಹಾಜರ್. ರಜೆಯಿಡೀ ನಿಂತ ನೀರು ಅದು. ಗೇಟು ತೆರೆಯಲು ಹೋದವಳು ನಾನೊಬ್ಬಳೇ.

ಬಾಟಲಿ ತುಂಬುವಾಗ ಅವರು ಬೇರೆಯೇ ಮನುಷ್ಯ. ಮಗುವಿಗೆ ಹಾಲು ಕುಡಿಸುವ ತಾಳ್ಮೆ. "ನಮ್ಮ ಕೆಂಪು ಮುರಕಲ್ಲಿನ ಬಾವಿ ನೀರು ಬಾಯಿಗೆ ಮೃದು ಟೀಚರ್. ಆದರೆ ಲೋಹ ಸಿಕ್ಕಿದರೆ ನೆಕ್ಕಿಕೊಂಡು ಬರುತ್ತದೆ" ಎಂದರು. ಕಟ್ಟೆಯ ಮೇಲಿನ ಹಸಿರು ಕಲೆಯನ್ನು ತೋರಿಸಿದರು. "ತಾಮ್ರ ಪಾಪ, ಗುರುತು ಬಿಡುತ್ತದೆ. ಸೀಸ ಹೇಳಿ ಬರುವುದಿಲ್ಲ. ಬಣ್ಣ ಇಲ್ಲ, ರುಚಿ ಇಲ್ಲ. ಸೀದಾ ಮಕ್ಕಳ ಬುದ್ಧಿಗೇ ಕೈ ಹಾಕುತ್ತದೆ."

ಮುಚ್ಚಳ ತಿರುಗಿಸುತ್ತಾ, ನನ್ನನ್ನು ನೋಡದೆ ಇನ್ನೊಂದು ಮಾತು ಹೇಳಿದರು. "ಜನ ಇರುವ ಮನೆಯಲ್ಲಿ ನೀರು ನಿಲ್ಲುವುದಿಲ್ಲ ಟೀಚರ್. ಹೆಂಡತಿ ಹೋದ ಮೇಲೆ ನನ್ನ ಮನೆಯಲ್ಲಿ ಯಾವಾಗ ಹಿಡಿದರೂ ನಿಂತ ನೀರೇ."

ಮದುವೆಯಾಗದೆ ಒಬ್ಬಳೇ ಇರುವವಳು ನಾನು. ಆ ಮಾತು ನನಗೂ ತಾಗಿತು.

ಕೆಲವು ದಿನ ಬಿಟ್ಟು ವರದಿ ಹಿಡಿದು ಅವರೇ ಬಂದರು. ನೀರಿನಲ್ಲಿ ಸೀಸ ಇತ್ತು, ಇರಬಾರದಷ್ಟು ಇತ್ತು, ಬಾವಿಯಿಂದಲ್ಲ, ಆ ಹಿತ್ತಾಳೆಯ ನಳ್ಳಿಗಳಿಂದ ಬಂದದ್ದು. ಅಂದೇ ನಾನು ನಳ್ಳಿಗಳಿಗೆಲ್ಲ ಗೋಣಿ ಕಟ್ಟಿಸಿದೆ. ಶಾಲಾ ಸಮಿತಿಯ ಅಧ್ಯಕ್ಷರು ಹಾರಾಡಿದರು. "ಬಾವಿ ನೀರು ಅಮೃತದ ಹಾಗೆ ಉಂಟು. ಸತ್ತವರ ಹೆಸರಿಗೆ ಮಸಿ ಬಳಿಯುವುದಾ? ನಾಳೆ ಅವರ ಮಗನಿಗೆ ಎಂತ ಹೇಳುವುದು?"

"ನಾನು ಹೇಳುತ್ತೇನೆ" ಎಂದರು ನೀರಿನ ಸರ್. ನನ್ನ ಕೋಣೆಯಲ್ಲಿ ಕುಳಿತೇ ಗಲ್ಫಿಗೆ ಫೋನು ಹಚ್ಚಿದರು. ನಮಸ್ಕಾರವಿಲ್ಲ, ಕುಶಲವಿಲ್ಲ. ನಳ್ಳಿಯಲ್ಲಿ ಸೀಸ ಉಂಟು ಎಂದು ವಿಷಯ ಹೇಳಿ, ಕೊನೆಗೆ ಕೇಳಿದರು: "ನಿಮ್ಮ ತಾಯಿ ಬದುಕಿದ್ದರೆ ಈ ನೀರನ್ನು ನಿಮಗೆ ಕುಡಿಸುತ್ತಿದ್ದರಾ?" ಆ ಕಡೆಯಿಂದ, "ಕಿತ್ತು ಹಾಕಿಸಿ ಸರ್. ಬೇರೆ ಕಳಿಸುತ್ತೇನೆ" ಎಂಬ ದನಿ ನನಗೂ ಕೇಳಿಸಿತು.

ಹೊಸ ನಳ್ಳಿಗಳು ಬಂದವು. ದಾನಿ ರಜೆಯಲ್ಲಿ ಬಂದಾಗ ಸಣ್ಣ ಸಮಾರಂಭ, ಪಾಯಸ, ಭಾಷಣ ಎಲ್ಲ ಆಯಿತು. ನೀರಿನ ಸರ್ ಅವರನ್ನು ಕರೆಯೋಣ ಎಂದು ನಾನು ಅಂದದ್ದಕ್ಕೆ ಅಧ್ಯಕ್ಷರು, "ಅವರು ನೀರೇ ಮುಟ್ಟದ ಜನ, ಪಾಯಸ ಕುಡಿಯುತ್ತಾರಾ?" ಎಂದರು. ಎಲ್ಲರೂ ನಕ್ಕರು. ನಾನೇ ಫೋನು ಮಾಡಿ ಕರೆದೆ. "ಸಮಿತಿಯವರು ಹೇಳಿದರಾ, ನೀವು ಹೇಳುವುದಾ?" ಎಂದು ಕೇಳಿದರು. ನಾನೇ ಎಂದೆ. ಬರಲಿಲ್ಲ. ಆ ನಗು ನೆನಪಾದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಬಂದದ್ದು ಮರುವಾರ, ಬಾಟಲಿಗಳ ಜೊತೆ. ಮತ್ತೆ ಕೆಲವು ದಿನ ಬಿಟ್ಟು ಒಂದು ಮಧ್ಯಾಹ್ನ ಬರಿಗೈಯಲ್ಲಿ ಬಂದು, "ಸೀಸ ಇಲ್ಲ ಟೀಚರ್" ಎಂದು ಜಗಲಿಯಲ್ಲಿ ಕುಳಿತರು. ಮಕ್ಕಳು ಕಟ್ಟೆಗೆ ಮುತ್ತಿಕೊಂಡು ನೀರು ಕುಡಿಯುತ್ತಿದ್ದರು. ಅದನ್ನೇ ನೋಡುತ್ತಾ ಕುಳಿತಿದ್ದವರು ಮೆಲ್ಲಗೆ ಕೇಳಿದರು: "ಒಂದು ಲೋಟ ನೀರು ಸಿಗಬಹುದಾ?"

ನಾನು ನೀರು ತಂದೆ. ಅಡುಗೆಯ ಅಕ್ಕ ಬೆಲ್ಲಕ್ಕೆ ಓಡಿದರು. ಬೆಲ್ಲವನ್ನು ಬಾಯಲ್ಲಿಟ್ಟುಕೊಂಡು, ಒಂದೊಂದೇ ಗುಟುಕು ಕುಡಿದರು.

"ಇಷ್ಟು ದಿನ ಕೇಳಬಾರದಿತ್ತಾ ಸರ್?" ಎಂದರು ಅಕ್ಕ.

"ಬೇಡ ಬೇಡ ಎಂದು ಹೇಳಿ ಹೇಳಿ ಅದೇ ಅಭ್ಯಾಸವಾಯಿತು ಅಕ್ಕ. ಈಗ ಯಾರೂ ಕೇಳುವುದೂ ಇಲ್ಲ."

ಕಳೆದ ಬೇಸಿಗೆಯಲ್ಲಿ ಅವರು ಹೋದರು. ಮಣಿಪಾಲದಲ್ಲಿ ಆಸ್ಪತ್ರೆಗೆ ಸೇರಿದವರು ಮರಳಲಿಲ್ಲ. ಪಕ್ಕದ ಮನೆಯ ಹೆಂಗಸು ಅವರ ಫೋನಿನಲ್ಲಿದ್ದ ನಾಲ್ಕಾರು ಹೆಸರುಗಳಿಗೆ ಸುದ್ದಿ ಮುಟ್ಟಿಸಿದ್ದರು. ಕಲ್ಯಾಣಪುರದ ಅವರ ಮನೆಗೆ ನಾನು ಮೊದಲ ಸಲ ಹೋದದ್ದು ಅಂದೇ. ಅಂಗಳದಲ್ಲಿ ಬೆರಳೆಣಿಕೆಯ ಜನ, ಶವ ಇನ್ನೂ ಬಂದಿರಲಿಲ್ಲ. ಬಿಸಿಲಿಗೆ ಬಾಯಾರಿತ್ತು. ಆ ಹೆಂಗಸು ತಂಬಿಗೆ ಹಿಡಿದು ಅಡುಗೆಮನೆಯ ನಳ್ಳಿಯತ್ತ ಹೋದರು.

"ನಳ್ಳಿ ಮುಟ್ಟಬೇಡಿ!"

ಕೂಗಿದ್ದು ನಾನು. ಎಲ್ಲರೂ ತಿರುಗಿ ನೋಡಿದರು. ಅವರು ಆಸ್ಪತ್ರೆಗೆ ಹೋದಂದಿನಿಂದ ಆ ನೀರು ಪೈಪಿನಲ್ಲೇ ನಿಂತಿತ್ತು. ಬಕೆಟ್ ಇಟ್ಟು ನಳ್ಳಿ ಬಿಟ್ಟೆ, ಬೆರಳೊಡ್ಡಿ ಕಾದೆ. ತಣ್ಣಗಾದ ಮೇಲೆ ತಂಬಿಗೆ ತುಂಬಿದೆ. ಈಗ ನನ್ನ ಮನೆಯಲ್ಲೂ ಪ್ರತಿ ಬೆಳಿಗ್ಗೆ ಹೀಗೆಯೇ. ಮೊದಲ ನೀರು ನೆಲ ಒರೆಸಲು, ಆಮೇಲಿನದ್ದು ನನಗೆ.

"ನೀವೂ ಅವರ ಹಾಗೆಯೇ ಅಲ್ವಾ?" ಎಂದರು ಆಕೆ.

ಲೋಟ ಹುಡುಕುವಾಗ ಕಪಾಟಿನಲ್ಲಿ ಒಂದು ಸ್ಟೀಲಿನ ಡಬ್ಬಿ ಸಿಕ್ಕಿತು. ತೆರೆದರೆ ತುಂಬ ಬೆಲ್ಲ, ಒಬ್ಬೊಬ್ಬರಿಗೆ ಒಂದೊಂದು ಎಂಬಂತೆ ತುಂಡು ಮಾಡಿ ಇಟ್ಟದ್ದು, ನೀರೊಡೆದು ಒಂದಕ್ಕೊಂದು ಅಂಟಿಕೊಂಡಿತ್ತು.

"ಬಂದವರಿಗೆ ಬೇಕಲ್ಲ ಎಂದು ತರುತ್ತಿದ್ದರು" ಎಂದರು ಪಕ್ಕದ ಮನೆಯಾಕೆ. "ಹಳೆಯದು ಕರಗಿದರೆ ಹೊಸದು ತುಂಬಿಸುತ್ತಿದ್ದರು. ಯಾರು ಬರುತ್ತಿದ್ದರು ಟೀಚರ್?"

ಹೊರಗೆ ಕೂತವರಿಗೆ ಬರಿ ನೀರು ಕೊಟ್ಟೆವು. ಸಾವಿನ ಮನೆಯಲ್ಲಿ ಬೆಲ್ಲ ಕೊಡುವ ಕ್ರಮವಿಲ್ಲ. ಡಬ್ಬಿಗೆ ಮುಚ್ಚಳ ಹಾಕಿ ಇದ್ದಲ್ಲೇ ಇಟ್ಟೆ.