ಭರಚುಕ್ಕಿಯನ್ನು ಆಫ್ ಮಾಡುವ ಹೊತ್ತು

ಆ ಪ್ರವಾಸಿ ಹೆಂಗಸು ದಡ್ಡಿ ಎಂದು ನಾನು ಒಪ್ಪುವುದಿಲ್ಲ. ಭರಚುಕ್ಕಿ ಜಲಪಾತದಲ್ಲಿ ಗೈಡ್ ಆಗಿರುವ ನನ್ನ ಸೋದರಮಾವನನ್ನು ಆಕೆ, ‘ಸಂಜೆ ಎಷ್ಟೊತ್ತಿಗೆ ಇದನ್ನ ಆಫ್ ಮಾಡ್ತೀರಿ?’ ಎಂದು ಕೇಳಿದ್ದರಂತೆ. ಮಾವ ಈ ಕತೆ ಹೇಳಿದಾಗಲೆಲ್ಲ ಮನೆಮಂದಿ ನಗುತ್ತಾರೆ. ಹೊಳೆಗೆ ಅಣೆಕಟ್ಟು ಕಟ್ಟಿರುವಾಗ ಆ ಪ್ರಶ್ನೆಯಲ್ಲಿ ತಪ್ಪೇನು ಎಂದು ನಾನು ವಾದಕ್ಕಿಳಿದರೆ, ‘ಲೇ, ಕಾವೇರಿ ಏನು ನಿಮ್ಮನೆ ನಲ್ಲೀನಾ? ಅವ್ಳು ಯಾರ ಮಾತೂ ಕೇಳಾಕಿಲ್ಲ ಕಣ್ಲಾ’ ಎನ್ನುತ್ತಾನೆ.

ಈ ಬೇಸಿಗೆಯಲ್ಲಿ ಒಂದು ದಿನ ಅವನ ಜೊತೆ ಹೋಗಿದ್ದೆ. ಬರೀ ಬಂಡೆ ಕಾಣುತ್ತಿತ್ತು. ದೂರದಿಂದ ಬಂದಿದ್ದ ಅಜ್ಜಿಯೊಬ್ಬರು, ‘ಫಾಲ್ಸ್ ಎಲ್ಲಪ್ಪಾ?’ ಎಂದರು. ನೆಂಟರು ಬಂದಾಗ ಅನ್ನ ಮುಗಿದುಹೋದ ಮನೆಯವನಂತೆ ಮಾವ ಸಂಕೋಚಪಟ್ಟ.

‘ಇದೇ ಕಣವ್ವ. ಮ್ಯಾಲೆ ಡ್ಯಾಮ್ ಬಾಗ್ಲು ಆಕವ್ರೆ. ನೀರು ಬುಟ್ಟಾಗ ಬನ್ನಿ.’

ನಾನು ಅವನ ಕಿವಿಯ ಹತ್ತಿರ ಬಾಗಿದೆ. ‘ಹಂಗಾದ್ರೆ ಮಾವ, ಆಫ್ ಮಾಡಬಹುದು ಅಂತೀಯಾ?’