ಹೋದ ಗೆರೆ, ಬಂದ ಗೆರೆ

ಅವರ ಬಲಗಣ್ಣಿನ ಸುತ್ತ ಚರ್ಮದಲ್ಲಿ ಒಂದು ಉರುಟು ಗುರುತು ಇತ್ತು, ಸಣ್ಣ ಲೋಟದ ಬಾಯಿಯನ್ನು ಒತ್ತಿ ತೆಗೆದ ಹಾಗೆ. ದುರ್ಬೀನಿಗೆ ಕಣ್ಣು ಒತ್ತಿ ಒತ್ತಿ ಆದದ್ದು. ಎಡಗಣ್ಣು ಊಟ ಮಾಡುವಾಗಲೂ ಅರ್ಧ ಮುಚ್ಚಿಯೇ ಇರುತ್ತಿತ್ತು. ಗೊತ್ತಿಲ್ಲದವರು ನೋಡಿದರೆ, ಈ ಮನುಷ್ಯ ಕಣ್ಣು ಹೊಡೆದ ಎಂದು ಜಗಳಕ್ಕೆ ಬರಬೇಕು.

ಬಂಟ್ವಾಳ ಪೇಟೆಯಲ್ಲಿ ಎಲ್ಲರೂ ಅವರನ್ನು ಮಾಸ್ಟ್ರು ಎನ್ನುತ್ತಿದ್ದರು. ಯಾವ ಶಾಲೆಯಲ್ಲೂ ಕಲಿಸಿದವರಲ್ಲ. ರಸ್ತೆ, ಚರಂಡಿ ಮಾಡುವವರು ಮೂರು ಕಾಲಿನ ಮೇಲೆ ಇಟ್ಟು ಏರುತಗ್ಗು ನೋಡುತ್ತಾರಲ್ಲ, ಆ ಲೆವೆಲ್ ದುರ್ಬೀನುಗಳ ರಿಪೇರಿ ಅವರ ಕೆಲಸ. ಅವರ ಕೋಣೆಯ ಎದುರಿನ ಜಗಲಿಯಲ್ಲಿ ಕೂತು ನಾನು ಬೀಡಿ ಕಟ್ಟುತ್ತಿದ್ದೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಗಂಡ ತೀರಿಕೊಂಡಿದ್ದರು. ಒಂದು ದಿನ ಮಾಸ್ಟ್ರು ರಸ್ತೆ ದಾಟಿ ಬಂದು ನಿಂತರು. ನನ್ನ ಮುಖ ನೋಡಲಿಲ್ಲ, ಬೆರಳು ನೋಡಿದರು. ನಾವು ಮಾತಾಡುತ್ತಿದ್ದದ್ದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಅಕ್ಕ, ನಿಮ್ಮ ಕೈ ನಡುಗುವುದಿಲ್ಲ ಅಲ್ವಾ?"

"ನಡುಗಿದರೆ ಬೀಡಿ ಕಟ್ಟಲಿಕ್ಕೆ ಆಗ್ತದಾ?"

"ಹಾಗಾದರೆ ನಾಳೆ ಬನ್ನಿ. ಒಂದು ಸ್ಕ್ರೂ ತಿರುಗಿಸಲಿಕ್ಕೆ ಉಂಟು."

ಆ ಒಂದು ಸ್ಕ್ರೂ ತಿರುಗಿಸಲು ಹೋದವಳು ಹನ್ನೊಂದು ವರ್ಷ ಅಲ್ಲೇ ಕೂತೆ.

ಕೆಲಸ ಇಷ್ಟೇ. ದುರ್ಬೀನಿನೊಳಗೆ ಕೂದಲಿನಷ್ಟು ತೆಳ್ಳಗಿನ ಎರಡು ಗೆರೆ, ಒಂದಕ್ಕೊಂದು ಅಡ್ಡ. ಅದರ ಹಿಂದೆ ಸಣ್ಣ ಬಲ್ಬು. ಬೆಳಕು ಆ ಗೆರೆಗಳನ್ನು ಹೊತ್ತುಕೊಂಡು ಹೊರಗೆ ಹೋಗುತ್ತದೆ, ಎದುರಿನ ಗೋಡೆಯ ಕನ್ನಡಿಗೆ ಬಡಿದು ಬಂದ ದಾರಿಯಲ್ಲೇ ವಾಪಸು ಬರುತ್ತದೆ. ಹೋದ ಗೆರೆಯ ಮೇಲೆ ಬಂದ ಗೆರೆ ಕೂತರೆ ದುರ್ಬೀನು ಸರಿ. ಆಚೀಚೆ ಆದರೆ ಸ್ಕ್ರೂ ತಿರುಗಿಸಬೇಕು. ಅವರು ನೋಡುತ್ತಿದ್ದರು, ನಾನು ತಿರುಗಿಸುತ್ತಿದ್ದೆ. "ಬರಲಿ... ಬರಲಿ... ಸಾಕು." ಹೊರಗೆ ಬಸ್ಸು ಹೋದರೆ ನೆಲ ಅದುರಿ ಗೆರೆ ಕುಣಿಯುತ್ತಿತ್ತು. ಆಗ ಬೆರಳೆತ್ತುತ್ತಿದ್ದರು. ಬಸ್ಸು ದೂರ ಹೋಗುವ ತನಕ ಇಬ್ಬರೂ ಉಸಿರು ಹಿಡಿದು ಕೂರುವುದು. ನನ್ನ ಜೊತೆ ಅಷ್ಟು ಸುಮ್ಮನೆ ಕೂತವರು ಬೇರೆ ಯಾರೂ ಇಲ್ಲ. ಈಗಲೂ ಬಸ್ಸಿನ ಸದ್ದಿಗೆ ನನ್ನ ಕೈ ನಿಲ್ಲುತ್ತದೆ, ಅನ್ನ ಬಡಿಸುತ್ತಿದ್ದರೂ.

ಗೆರೆ ಕೂತ ಮೇಲೆ ಅವರು ಎದ್ದು ನನ್ನನ್ನು ಅಲ್ಲಿ ಕೂರಿಸುತ್ತಿದ್ದರು. "ನೀವು ನೋಡಿ. ಒಬ್ಬರ ಕಣ್ಣು ಸಾಕ್ಷಿ ಅಲ್ಲ." ಗೆರೆ ಕೂತಿದೆ ಎಂದು ನಾನು ಹೇಳಿದರೆ ಮಾತ್ರ ಸ್ಕ್ರೂ ಕದಲದ ಹಾಗೆ ಅದರ ತಲೆಗೆ ಒಂದು ಹನಿ ಕೆಂಪು ನೈಲ್ ಪಾಲಿಶ್. ಮದುವೆಯಾಗದ ಗಂಡಸು ತಿಂಗಳಿಗೊಂದು ಬಾಟ್ಲಿ ನೈಲ್ ಪಾಲಿಶ್ ಕೊಂಡರೆ ಪೇಟೆ ಬಿಟ್ಟೀತೇ? ಫ್ಯಾನ್ಸಿ ಅಂಗಡಿಯವಳು ನನ್ನ ಉಗುರು ನೋಡಿದಳು. "ಎಂತ ಅಕ್ಕ, ಮಾಸ್ಟ್ರು ನಿಮಗೆ ಹಚ್ಚುದಿಲ್ವಾ?" "ನನಗೆ ಸ್ಕ್ರೂ ಸಡಿಲ ಇಲ್ಲ ಮಾರಾಯ್ತಿ" ಎಂದೆ. ಹಚ್ಚಿದ್ದರೆ ಬೇಡ ಎನ್ನುತ್ತಿರಲಿಲ್ಲ. ಅದು ಬೇರೆ ವಿಷಯ.

ಒಂದು ವರ್ಷ ಅವರು ಮಂಗಳೂರಿನ ಕಣ್ಣಿನ ಆಸ್ಪತ್ರೆಗೆ ಹೋಗಿ ಬಂದರು. ಡಾಕ್ಟರರ ಚೀಟಿಯನ್ನು ನನಗೆ ತೋರಿಸದೆ ಡ್ರಾವರಿನಲ್ಲಿ ಹಾಕಿದರು. ಅವರು ಊಟಕ್ಕೆ ಹೋದಾಗ ಅದನ್ನು ತೆಗೆದು ಮೆಡಿಕಲ್‌ನವನಿಗೆ ತೋರಿಸಿದೆ. ಕಣ್ಣಿನ ನರ ಒಣಗುತ್ತಿದೆ, ಹೋದದ್ದು ಬರುವುದಿಲ್ಲ ಎಂದ. ಅದೇ ಸಂಜೆ ಮಾಣಿ ಎಂಬ ಊರಿನ ರಸ್ತೆ ಕೆಲಸದ ಒಂದು ಲೆವೆಲ್ ಸರಿ ಮಾಡಿ, "ಕೂತಿತು. ನೋಡಿ" ಎಂದರು. ನೋಡಿದೆ. ಕೂತಿರಲಿಲ್ಲ. ಎರಡು ಗೆರೆಗಳ ನಡುವೆ ಸರಿಯಾಗಿ ಎರಡು ಕೂದಲಿನಷ್ಟು ಜಾಗ. ತಲೆ ಎತ್ತಿದರೆ ಅವರು ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಕೂತಿದೆ" ಎಂದೆ.

ಊರಿಡೀ ನನ್ನನ್ನು ಬಾಯಿ ಜೋರಿನವಳು ಎನ್ನುತ್ತದೆ. ಹೆತ್ತ ಮಗಳ ಮುಖಕ್ಕೇ ನೀನು ಮಾಡಿದ ಸಾರು ನೀರು ಎಂದವಳು. ಅಲ್ಲಿ ನಾಲಗೆ ಏಳಲಿಲ್ಲ.

ತಿಂಗಳು ಕಳೆದ ಮೇಲೆ ಕಂಟ್ರಾಕ್ಟರನ ಕಡೆಯವನೊಬ್ಬ ಆ ಲೆವೆಲ್ ತಂದು ಮೇಜಿನ ಮೇಲೆ ಇಟ್ಟ. "ಎಂತ ಮಾಸ್ಟ್ರೇ, ನಿಮ್ಮ ಲೆವೆಲ್ ನೋಡಿ ಚರಂಡಿ ಕಟ್ಟಿದ್ದು. ನೀರು ಈಗ ಗುಡ್ಡೆ ಹತ್ತಲಿಕ್ಕೆ ಹೊರಟಿದೆ. ಎಲ್ಲ ಒಡೀಬೇಕು."

ಮಾಸ್ಟ್ರು ಬಲ್ಬು ಹಾಕಿ ತುಂಬ ಹೊತ್ತು ನೋಡಿದರು. ಅವನು ಹೋದ ಮೇಲೆ ಕೇಳಿದರು.

"ಆ ದಿನ ನಿಮಗೆ ಎಷ್ಟು ಕಂಡಿತ್ತು?"

"ಎರಡು ಕೂದಲು."

"ಮತ್ತೆ ಯಾಕೆ ಹಾಗೆ ಹೇಳಿದ್ದು?"

"ನಿಮ್ಮ ಮುಖ ನೋಡಿ."

"ಮುಖ ನೋಡಲಿಕ್ಕೆ ನಿಮ್ಮನ್ನು ಕೂರಿಸಿದ್ದಲ್ಲ ಅಕ್ಕ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮೆಲ್ಲಗೆ ಹೇಳಿದರು. ಮರುದಿನ ಹೋಗುವಾಗ ಸ್ಕ್ರೂವಿನ ಪಕ್ಕದ ನನ್ನ ಸ್ಟೂಲಿನಲ್ಲಿ ಅವರು ಕೂತಿದ್ದರು. ದುರ್ಬೀನಿನ ಹಿಂದಿನ ಕುರ್ಚಿ ನನಗೆ ಬಿಟ್ಟಿದ್ದರು. "ನೀವು ಹೇಳಿ, ನಾನು ತಿರುಗಿಸ್ತೇನೆ." ಆಮೇಲೆ ಮೂರು ವರ್ಷ "ಬರಲಿ, ಬರಲಿ, ಸಾಕು" ಎಂದದ್ದು ನಾನು. ಗೊತ್ತಿದ್ದದ್ದನ್ನೆಲ್ಲ ಕೈಯಲ್ಲಿ ಮುಟ್ಟಿ ಮುಟ್ಟಿ ಕಲಿಸಿದರು. ನಾನು ಒಂದು ಕೂದಲು ಉಂಟು ಎಂದರೆ ಒಂದು ಕೂದಲೇ. ಮತ್ತೆ ಪ್ರಶ್ನೆ ಇಲ್ಲ.

ಕಣ್ಣು ಪೂರ್ತಿ ಹೋದ ಮೇಲೆ ಮೂಡುಬಿದಿರೆಯಲ್ಲಿದ್ದ ಅವರ ತಂಗಿ ಕರೆದುಕೊಂಡು ಹೋದರು. ಕೋಣೆ ನಾನೇ ನಡೆಸಿದೆ, ಸ್ಕ್ರೂವಿಗೆ ನನ್ನ ಸೊಸೆ. ಭಾನುವಾರ ಬಸ್ಸು ಹತ್ತಿ ಹೋಗಿ ವಾರದ ಕೆಲಸ ಹೇಳಿ ಬರುತ್ತಿದ್ದೆ. ಕೊನೆಯ ಸಲ ಹೋದಾಗ ಹಾಸಿಗೆ ಹಿಡಿದಿದ್ದರು.

"ಒಂದು ಲೆವೆಲ್ ಕೂರುವುದಿಲ್ಲ ಮಾಸ್ಟ್ರೇ. ಸಂಜೆ ಕೂತದ್ದು ಮರುದಿನ ಮಧ್ಯಾಹ್ನಕ್ಕೆ ಇಲ್ಲ."

ನನ್ನ ಕಡೆಗೆ ತಿರುಗಿದರು. "ಕನ್ನಡಿಯ ಗೋಡೆಯ ಆಚೆ ಈಗ ಎಂತ ಉಂಟು?"

"ಎಂತ ಇಲ್ಲ. ಹಲಸಿನ ಮರ ಇತ್ತಲ್ಲ, ಅದನ್ನು ರಸ್ತೆಗೆ ಅಂತ ಕಡಿದರು."

"ಹಾಗಾದರೆ ಗೋಡೆಗೆ ಬಿಸಿಲು ಬೀಳ್ತದೆ. ಗೋಡೆ ಬಿಸಿಯಾದರೆ ಕನ್ನಡಿ ವಾಲ್ತದೆ. ಬೆಳಿಗ್ಗೆ ಏಳಕ್ಕೆ ಕೂರಿಸಿ, ಏಳಕ್ಕೇ ನೋಡಿ."

ಸೋಮವಾರ ಏಳಕ್ಕೆ ಕೂರಿಸಿದೆ. ಮಂಗಳವಾರ ಏಳಕ್ಕೆ ನೋಡಿದೆ. ಗೆರೆಯ ಮೇಲೆ ಗೆರೆ, ಎರಡು ಇತ್ತು ಎಂದೇ ತಿಳಿಯದ ಹಾಗೆ. ಫೋನಿನಲ್ಲಿ ಹೇಳಬಹುದಿತ್ತು. ಎದುರು ಕೂತು ಹೇಳುವ, ಭಾನುವಾರ ದೂರ ಇಲ್ಲವಲ್ಲ ಎಂದುಕೊಂಡೆ. ಶುಕ್ರವಾರ ಹೋಗಿಬಿಟ್ಟರು.

ಹೆಣದ ಕಿವಿಯಲ್ಲಿ ಮಾತಾಡುವ ಮರುಳು ನನಗಿಲ್ಲ. ಒಂದು ಮೂಲೆಯಲ್ಲಿ ಕೂತೆ. ಅವರ ತಂಗಿ ಹತ್ತಿರ ಬಂದರು.

"ನಿನ್ನೆ ಅಣ್ಣ ಎರಡೆರಡು ಸಲ ಕೇಳಿದ, ಅಕ್ಕ, ಆ ಲೆವೆಲ್ ಕೂತಿತಾ ಅಂತ. ನನಗೆ ಎಂತ ಗೊತ್ತು? ಹೋಗುವ ಜೀವ, ಕೂತಿತಂತೆ ಅಂದೆ."

"ಅದಕ್ಕೆ ಎಂತ ಹೇಳಿದರು?"

"ಯಾರು ನೋಡಿದ್ದು ಅಂತ ಕೇಳಿದ. ಅಕ್ಕನೇ ನೋಡಿದ್ದಂತೆ ಅಂದೆ. ಹಾಗಾದರೆ ಸರಿ ಅಂದ. ಮತ್ತೆ ಕೇಳಲಿಲ್ಲ."

ಕೂತದ್ದು ಹೌದು, ನೋಡಿದ್ದು ನಾನೇ ಹೌದು. ಆದರೂ ಆ ಹೆಂಗಸಿನ ಮೇಲೆ ನನಗೆ ಸಿಟ್ಟು ಬಂತು. ಇನ್ನೂ ಇಳಿದಿಲ್ಲ. ಅದು ನಾನು ಹೇಳಬೇಕಾಗಿದ್ದ ಮಾತು.