ನಂಗವಳ್ಳಿಯ ಕಂಪ್ಯೂಟರಿಗೆ ಸಿಕ್ಕ ವಿನಾಯಿತಿ

ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳತೊಡಗಿದರೆ ನಾನು ಮನಸ್ಸಿನಲ್ಲೇ ನಗುತ್ತಿದ್ದೆ. ಕಾರಣ ಸಿಗಲಿಲ್ಲವೆಂದರೆ ಸರಿಯಾಗಿ ಹುಡುಕಿಲ್ಲ ಎಂದಷ್ಟೇ ನನ್ನ ತೀರ್ಮಾನ. ಈಗ ನನ್ನದನ್ನು ಓದಿ ನೀವು ನಕ್ಕರೆ ಬೇಸರವಿಲ್ಲ. ನನ್ನ ನೆನಪನ್ನು ನಾನೇ ಪೂರ್ತಿ ನಂಬುವವನಲ್ಲ. ಆದ್ದರಿಂದ ಅಂದಿನ ದಿನಚರಿಯನ್ನು ಪಕ್ಕದಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ಸೇಲಂನ ಒಂದು ರೇಷ್ಮೆ ಸೀರೆ ಕಂಪನಿಯ ಕಂಪ್ಯೂಟರುಗಳ ಉಸ್ತುವಾರಿ ನನ್ನದಾಗಿತ್ತು. ಶಾಖೆಗಳೂ ಸೇರಿ ನಲವತ್ತೊಂದು ಕಂಪ್ಯೂಟರ್. ಒಂದೊಂದರ ಮುಂದೆ ಕೂತು ಸೆಟ್ಟಿಂಗ್ ಬದಲಿಸಬೇಕಿರಲಿಲ್ಲ. ಪಾಲಿಸಿ ಟೆಂಪ್ಲೇಟ್ ಎಂಬ ಸಿದ್ಧ ಪಟ್ಟಿಯಲ್ಲಿ ನಾನು ಏನು ಆರಿಸುತ್ತಿದ್ದೆನೋ ಅದು ಎಲ್ಲ ಕಡೆ ಜಾರಿಯಾಗುತ್ತಿತ್ತು. ಅಲ್ಲಿನವರು ಅದನ್ನು ಮುಟ್ಟುವಂತಿರಲಿಲ್ಲ.

ಒಮ್ಮೆ ಹಳೆಯ ಬಗೆಯ ಸ್ಪ್ರೆಡ್‌ಶೀಟ್ ಫೈಲಿನಲ್ಲಿ ವೈರಸ್ ಬಂದು ಒಂದು ಶಾಖೆ ಎರಡು ದಿನ ನಿಂತುಹೋಯಿತು. ಇನ್ನು ಹಳೆಯ ಬಗೆಯ ಫೈಲುಗಳು ಎಲ್ಲೂ ತೆರೆಯಕೂಡದು ಎಂದು ಮ್ಯಾನೇಜರ್ ಆಜ್ಞೆ ಮಾಡಿದರು. "ಯಾರುಕ್ಕುಮ್ ವಿಲಕ್ಕು ಕಿಡೆಯಾದು" ಎಂದು ತಮಿಳಿನಲ್ಲಿ ಒತ್ತಿ ಹೇಳಿದರು. ಯಾರಿಗೂ ವಿನಾಯಿತಿ ಇಲ್ಲ. ಅದು ನನಗೂ ಸರಿಯೆನಿಸಿತ್ತು.

ನಂಗವಳ್ಳಿ ಶಾಖೆಯಲ್ಲಿ ಚೌಡಕ್ಕ ಇದ್ದರು. ಮಂಡಿ ನೋವು ಬರುವವರೆಗೆ ಮಗ್ಗದಲ್ಲಿ ಕೂತವರು, ಆಮೇಲೆ ಕಂಪ್ಯೂಟರ್ ಕಲಿತು ಸೀರೆಯ ಅಂಚಿನ ವಿನ್ಯಾಸಗಳನ್ನು ಬರೆಯತೊಡಗಿದರು. ಅವರು ಅಂಚು ಬರೆಯುತ್ತಿದ್ದುದು ಸ್ಪ್ರೆಡ್‌ಶೀಟಿನಲ್ಲಿ. ಬಣ್ಣ ತುಂಬಿದ ಚೌಕದ ಮನೆಯಿದ್ದಲ್ಲಿ ಎಳೆ ಮೇಲೇಳಬೇಕು, ಖಾಲಿಯಿದ್ದಲ್ಲಿ ಕೆಳಗಿರಬೇಕು. ಅದನ್ನು ನೋಡಿಕೊಂಡು, ಎಳೆಗಳನ್ನು ಎತ್ತಿಳಿಸುವ ಮಗ್ಗದ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಯುತ್ತಿದ್ದರು. ಆಗ ಒಂದು ಮದುವೆ ಸೀರೆಯ ಕಾರ್ಡುಗಳು ಅರ್ಧ ಆಗಿದ್ದವು. ಆ ಫೈಲು ಹಳೆಯ ಬಗೆಯದು. ಹೊಸ ಬಗೆಗೆ ಬದಲಿಸಿದರೆ ಮನೆ ಮನೆಯನ್ನೂ ಮತ್ತೆ ತಾಳೆ ನೋಡಬೇಕು. ಅಂಚು ಮುಗಿಸಲು ಅವರು ಹನ್ನೆರಡು ದಿನ ಕೇಳಿದರು. ಒಂದು ದಿನವೂ ಇಲ್ಲ, ಹೊಸ ಬಗೆಯಲ್ಲಿ ಮಾಡಲಾಗದಿದ್ದರೆ ಅಂಚಿನ ಕೆಲಸವನ್ನೇ ಸೇಲಂಗೆ ತರುತ್ತೇನೆ ಎಂದರು ಮ್ಯಾನೇಜರ್. ಅಂದರೆ ಚೌಡಕ್ಕನ ಕೆಲಸ ಹೋದಂತೆ.

"ಏನ್ಲಾ ತಮ್ಮ, ನನ್ ಅಂಚಿಗೇ ಬೀಗ ಆಕ್ತೀಯಾ?" ಎಂದು ಫೋನಿನಲ್ಲಿ ಕೇಳಿದರು.

"ರೂಲ್ಸ್ ಎಲ್ಲಾರ್ಗೂ ಒಂದೇ ಅಕ್ಕಾ."

"ಸರಿ ಬುಡು. ಅರ್ಧ ನೇಯ್ದಿರೋ ಸೀರೇನ ಮದುಮಗ್ಳಿಗೆ ನೀನೇ ಓಗಿ ಉಡ್ಸು!"

ನಗು ಬಂತು. ಆದರೂ ನಾನು ಮನಸ್ಸು ಬದಲಿಸಲಿಲ್ಲ.

ಅಮಾವಾಸ್ಯೆಯ ದಿನ ನಮ್ಮ ಕಡೆಯ ನೇಕಾರರು ಮಗ್ಗಕ್ಕೆ ಕೂರುವುದಿಲ್ಲ. ಕೆಲಸ ಕೆಡದಿರಲೆಂದು ಅದೇ ದಿನವನ್ನು ಆರಿಸಿಕೊಂಡೆ. "ಮೂರು ಗಂಟೆ. ನಲವತ್ತೊಂದಕ್ಕೂ ಹಾಕಿದೆ. ವಿನಾಯಿತಿ ಇಲ್ಲ" ಎಂದು ದಿನಚರಿಯಲ್ಲಿದೆ. ನನ್ನ ಕಂಪ್ಯೂಟರನ್ನು ಲಾಕ್ ಮಾಡಿ, ಕಣ್ಣಾರೆ ನೋಡಲೆಂದು ನಲ್ಲಂಪಳ್ಳಿ ಶಾಖೆಗೆ ಬಸ್ ಹತ್ತಿದೆ. ಅಲ್ಲಿ ಹಳೆಯ ಫೈಲುಗಳು ತೆರೆಯಲಿಲ್ಲ. ತೃಪ್ತಿಯಿಂದ ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಚೌಡಕ್ಕನ ಫೋನ್. "ತಮ್ಮಾ, ಅಂಚು ಓಪನ್ ಆಗ್ತೈತೆ ಕಣಪ್ಪ! ನಾನ್ ಬೈದಿದ್ದ ಮನ್ಸಲ್ಲಿ ಇಟ್ಕಾಬ್ಯಾಡ."

ಪಟ್ಟಿ ತೆರೆದು ನೋಡಿದೆ. ಅವರ ಕಂಪ್ಯೂಟರ್ ಒಂದನ್ನೇ ಹೊರಗಿಡಲಾಗಿತ್ತು. ಬದಲಾವಣೆಯ ಕಾರಣ ಬರೆಯುವ ಜಾಗದಲ್ಲಿ ಕನ್ನಡ ಲಿಪಿಯ ಒಂದು ಸಾಲಿತ್ತು. ನಮ್ಮ ಮನೆಮಾತು ಕನ್ನಡವಾದರೂ ಶಾಲೆ ತಮಿಳು, ಕಾಲೇಜು ಇಂಗ್ಲಿಷ್. ನಾನು ಕನ್ನಡ ಅಕ್ಷರ ಕಲಿತದ್ದು ಇದಾದ ಮೇಲೆ. ಆಗ ಓದಲೂ ಬರುತ್ತಿರಲಿಲ್ಲ. ನನ್ನ ಕಂಪ್ಯೂಟರಿನಲ್ಲಿ ಕನ್ನಡ ಕೀಬೋರ್ಡೂ ಇರಲಿಲ್ಲ. ಫೋಟೋ ತೆಗೆದು, ಹೊಸೂರಿನಿಂದ ನೂಲು ತರುವ ಮಾದಪ್ಪನಿಗೆ ತೋರಿಸಿದೆ.

"'ಅಂಚು ಮುಗಿಯಲಿ' ಅಂತ ಐತೆ. ನಿಮ್ದೇ ಕಂಪ್ಯೂಟರು, ನನ್ನ ಕೇಳ್ತೀರಲ್ಲ ಸಾರ್!" ಎಂದು ಅವನು ನಕ್ಕ.

ಬದಲಾವಣೆಯಾದ ಹೊತ್ತು ನಾಲ್ಕು ಐವತ್ತು. ಮಾಡಿದವರ ಹೆಸರು ನನ್ನದು, ಮಾಡಿದ್ದು ನನ್ನ ಮೇಜಿನಿಂದ. ದಿನಚರಿಗೆ ಅಂಟಿಸಿದ್ದ ಬಸ್ ಟಿಕೆಟಿನಲ್ಲಿ ನಾಲ್ಕು ಹತ್ತು ಎಂದಿದೆ. ನಾಲ್ಕು ಐವತ್ತಕ್ಕೆ ನಾನು ತೊಪ್ಪೂರಿನ ಆಸುಪಾಸಿನಲ್ಲಿದ್ದಿರಬೇಕು. ಪಾಸ್‌ವರ್ಡ್ ಯಾರಿಗೂ ಗೊತ್ತಿರಲಿಲ್ಲ. ನಾನು ಸುಮ್ಮನೆ ಬಿಡಲಿಲ್ಲ. ಗಡಿಯಾರ ತಪ್ಪಿದೆಯೇ ಎಂದು ನೋಡಿದೆ, ಹೊರಗಿನಿಂದ ಯಾರಾದರೂ ನುಸುಳಿದ್ದರೇ ಎಂದು ವಾರವಿಡೀ ಹುಡುಕಿದೆ. ಹೊರಡುವ ಮುನ್ನ ನಾನೇ ಮಾಡಿ ಮರೆತೆನೇ ಎಂದೂ ಕೇಳಿಕೊಂಡೆ. ಹಾಗಾದರೆ ಓದಲು ಬಾರದ ಅಕ್ಷರಗಳನ್ನು ಬರೆದದ್ದು ಹೇಗೆ?

ಆದರೆ ಮ್ಯಾನೇಜರ್ ಅಷ್ಟು ದಿನ ಕಾಯಲಿಲ್ಲ. ಚೌಡಕ್ಕನ ಫೋನ್ ಬಂದ ದಿನವೇ ಮಧ್ಯಾಹ್ನ ವರದಿಯಲ್ಲಿ ನಲವತ್ತು ಎಂದು ಕಂಡು ಕರೆದು, ಇದನ್ನು ಮಾಡಿದ್ದು ಯಾರು ಎಂದರು. ಗೊತ್ತಿಲ್ಲ ಎಂದಿದ್ದರೆ ವಿನಾಯಿತಿಯನ್ನು ಅಲ್ಲೇ ತೆಗೆಸುತ್ತಿದ್ದರು, ಅನುಮಾನವೂ ಚೌಡಕ್ಕನ ಮೇಲೆ ಹೋಗುತ್ತಿತ್ತು.

"ನಾನ್‌ದಾನ್ ಸಾರ್," ಎಂದೆ. ನಾನೇ ಮಾಡಿದೆ, ಹನ್ನೆರಡು ದಿನ ಹಾಗೇ ಇರುತ್ತದೆ, ಏನಾದರೂ ಆದರೆ ನನ್ನನ್ನು ಕೆಲಸದಿಂದ ತೆಗೆಯಿರಿ ಎಂದೆ. ಹನ್ನೆರಡೇ ದಿನ ಎಂದರು ಅವರು.

ಹನ್ನೊಂದನೆಯ ದಿನ ಅಂಚು ಮುಗಿಯಿತು. ಚೌಡಕ್ಕ ಎಲ್ಲ ಫೈಲುಗಳನ್ನೂ ಹೊಸ ಬಗೆಗೆ ಬದಲಿಸಿದರು. ಪಕ್ಕದವರನ್ನು ಸಾಕ್ಷಿಗೆ ನಿಲ್ಲಿಸಿಕೊಂಡು ನಾನು ಆ ವಿನಾಯಿತಿಯನ್ನು ತೆಗೆದೆ. ಚೌಡಕ್ಕನ ಕೆಲಸ ಉಳಿಯಿತು, ನನ್ನದೂ ಉಳಿಯಿತು.

ಸುಳ್ಳು ಹೇಳಿ ಗಟ್ಟಿಯಾಗಿ ನಿಂತೆ ಎಂದು ಮೊದಮೊದಲು ಅಂದುಕೊಂಡಿದ್ದೆ. ಈಗ ಹಾಗೆ ಹೇಳಲೂ ಧೈರ್ಯವಿಲ್ಲ. ಆ ಮಧ್ಯಾಹ್ನ ನಾನು ಹೇಳಿದ್ದು ಸುಳ್ಳೇ ಎಂಬುದಕ್ಕೆ ನನ್ನ ಬಳಿ ಇರುವುದು ಒಂದು ಬಸ್ ಟಿಕೆಟ್, ಆಗ ನನಗೆ ಓದಲು ಬಾರದಿದ್ದ ಒಂದು ಸಾಲು, ಅಷ್ಟೇ.